ಬೇಟೆ ನಾಯಿಯ ಡ್ಯೂಟಿ

ನನಗೆ ಸಿಗರೇಟಿನ ಚಟವಿಲ್ಲ, ಇಸ್ಪೀಟಿನ ಚಟವೂ ಇಲ್ಲ. ಇರುವುದು ಒಂದೇ, ಊರಿನ ಬಗ್ಗೆ ಕೊಚ್ಚಿಕೊಳ್ಳುವ ಚಟ. ಇದು ನನ್ನೊಬ್ಬನ ಕಾಯಿಲೆಯಲ್ಲ, ಸಮುದ್ರ ದಾಟಿ ಕುವೈತಿಗೆ ಬಂದ ನಮ್ಮವರಲ್ಲಿ ಬಹುಪಾಲು ಜನರಿಗಿದೆ. ವಿಮಾನ ಮೇಲೇರಿದ ಕೂಡಲೇ ಹಿತ್ತಲಿನ ನಾಲ್ಕು ತೆಂಗಿನಮರ ತೋಟವಾಗುತ್ತದೆ, ಪಕ್ಕದ ಮನೆಯವರ ಕಂಬಳದ ಕೋಣ ನಮ್ಮದೇ ಕೋಣವಾಗುತ್ತದೆ. ಕೇಳುವವರು ಹೋಗಿ ನೋಡಿ ಬರುವುದಿಲ್ಲ ಎಂಬ ಧೈರ್ಯ. ನಾನೂ ಇಷ್ಟು ವರ್ಷ ಯಾವ ಅಪಾಯವೂ ಇಲ್ಲದೆ ಕೊಚ್ಚಿಕೊಂಡು ಬಂದಿದ್ದೆ. ಕೊನೆಗೆ ಒಂದು ನಾಯಿಯ ವಿಷಯದಲ್ಲಿ ಸಿಕ್ಕಿಬಿದ್ದೆ.

ಸಬ್ಹಾನಿನಲ್ಲಿ ಅಕ್ಕಿ, ಬೇಳೆ, ಮಸಾಲೆ ತುಂಬಿಡುವ ಒಂದು ಗೋದಾಮಿನಲ್ಲಿ ನಾನು ಅಕೌಂಟೆಂಟ್. ಅದರ ಯಜಮಾನರನ್ನು ನಾವು ದೊಡ್ಡ ಮುದೀರ್ ಎನ್ನುತ್ತೇವೆ. ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕುವುದು ಅವರ ರೂಢಿ. ಕಳೆದ ಚಳಿಗಾಲದಲ್ಲಿ ನಮ್ಮನ್ನೆಲ್ಲ ಅಲ್ಲಿಗೆ ಊಟಕ್ಕೆ ಕರೆದಾಗ ಒಂದು ಹೊಸ ನಾಯಿಯನ್ನು ತೋರಿಸಿದರು. ಬಡಕಲು ಮೈ, ಕೋಲಿನಂಥ ಕಾಲು, ಉದ್ದ ಮೂತಿ. ಅಪ್ಪ ಮರುಭೂಮಿಯ ಓಟದ ನಾಯಿ ಸಲೂಕಿಯಂತೆ, ಅಮ್ಮ ಕುರಿ ಕಾಯುವ ಜಾತಿಯಂತೆ. ಇಂಥ ಬೆರಕೆಗೆ ಇಂಗ್ಲಿಷರು ಲರ್ಚರ್ ಎನ್ನುತ್ತಾರಂತೆ. ಅಪ್ಪನ ಓಟ, ಅಮ್ಮನ ಬುದ್ಧಿ, ಇದಕ್ಕಿಂತ ಕೆಲಸದ ನಾಯಿ ಭೂಮಿಯ ಮೇಲಿಲ್ಲ ಎಂದರು ದೊಡ್ಡ ಮುದೀರ್. ಹೆಸರು ಬರ್ಕ್, ಅಂದರೆ ಅರಬಿಯಲ್ಲಿ ಮಿಂಚು. ನಾನು ಸುಮ್ಮನೆ ಅನ್ನ ತಿಂದು ಎದ್ದು ಬರಬಹುದಿತ್ತು. ಆದರೆ ನಾಲಿಗೆ ಕೇಳಬೇಕಲ್ಲ! ನಮ್ಮ ತುಳುನಾಡಿನಲ್ಲಿ ಕೆಡ್ಡಸ ಎಂಬ ಹಬ್ಬವಿದೆ, ಭೂಮಿತಾಯಿಗೆ ವಿಶ್ರಾಂತಿ ಕೊಡುವ ಹಬ್ಬ, ಆಗ ಊರ ಗಂಡಸರೆಲ್ಲ ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತೇವೆ, ನಾಯಿ ಪಳಗಿಸುವುದು ನಮ್ಮ ರಕ್ತದಲ್ಲೇ ಇದೆ ಎಂದುಬಿಟ್ಟೆ. ನಿಜ ಹೇಳಬೇಕೆಂದರೆ ನಾನು ಬೇಟೆಗೆ ಹೋದದ್ದು ಒಂದೇ ಸಲ. ಗುಡ್ಡದ ಬುಡದಲ್ಲಿ ನಮ್ಮ ಮನೆಯ ನಾಯಿ ಕಾಳನಿಗೂ ನನಗೂ ಹಸಿವಾಗಿ, ಇಬ್ಬರೂ ಮನೆಗೆ ಬಂದು ಹಬ್ಬಕ್ಕೆಂದು ಮಾಡಿದ್ದ ಅಕ್ಕಿಹುಡಿ ಬೆಲ್ಲದ ಸಿಹಿ ತಿಂದು ಮಲಗಿದ್ದೆವು.

ಡೇರೆ ಬಿಚ್ಚುವ ಕಾಲ ಬಂತು. ದೊಡ್ಡ ಮುದೀರ್ ಮೊಣಕಾಲಿನ ಆಪರೇಷನ್ನಿಗೆ ವಿದೇಶಕ್ಕೆ ಹೊರಟರು. ಹೋಗುವಾಗ ನನ್ನ ಹೆಗಲು ತಟ್ಟಿ, "ಬರ್ಕ್ ಗೋದಾಮಿನಲ್ಲಿರಲಿ, ಇಲಿ ಹಿಡಿಯುತ್ತದೆ. ಶೆಟ್ಟಿ ನೋಡಿಕೊಳ್ಳುತ್ತಾನೆ, ಅವನು ಬೇಟೆಗಾರರ ಪೈಕಿ," ಎಂದು ಹೇಳಿ ಹೋದರು.

ಬೆರಕೆ ನಾಯಿಯ ಕೆಲಸದ ಗುಣಗಳನ್ನು ನಾನು ಅಂದಿನಿಂದ ಹತ್ತಿರದಿಂದ ಕಂಡಿದ್ದೇನೆ. ಅಪ್ಪ ಅಮ್ಮ ಇಬ್ಬರೂ ವಿಶ್ರಾಂತಿ ಪಡೆಯುವ ಹೊತ್ತೆಲ್ಲ ಇದರ ಪಾಲಿಗೆ ಬಂದಿದೆ, ದುಡಿಯುವ ಹೊತ್ತು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂದು ಗಾದೆ ಮಾಡಿದವರು ಇದನ್ನು ನೋಡಿಲ್ಲ. ಇದಕ್ಕೆ ಕೆಲಸವೂ ಇಲ್ಲ, ಹೊತ್ತಿಗೆ ಬರವೂ ಇಲ್ಲ. ಬೆಳಿಗ್ಗೆ ನಾನು ಎ.ಸಿ. ಹಾಕುವುದನ್ನೇ ಕಾದು ಅದರ ಕೆಳಗೆ ನಾಲ್ಕೂ ಕಾಲು ಚಾಚಿ ಮಲಗುತ್ತದೆ. ಬೊಗಳುವುದಿಲ್ಲ. ಕಳ್ಳ ಬಂದರೆ ಬಾಲ ಅಲ್ಲಾಡಿಸಿ ಒಳಗೆ ಕರೆಯುವ ಸ್ವಭಾವ. ಇಲಿ ಮೂಗಿನ ಮುಂದೆ ಹಾದುಹೋದರೆ ಒಂದು ಕಣ್ಣು ತೆರೆದು ಅದು ಹೋಗುವವರೆಗೂ ನೋಡಿ, ಮುಚ್ಚುತ್ತದೆ. ಓಡುವುದೇ ಇಲ್ಲ ಎನ್ನುವಂತಿಲ್ಲ. ಒಮ್ಮೆ ಧೂಳು ಗಾಳಿಗೆ ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಾರಿತು. ಆಗ ಓಡಿತು ನೋಡಿ, ನಿಜಕ್ಕೂ ಮಿಂಚೇ! ಚೀಲ ಹಿಡಿದು ತಂದು ನನ್ನ ಕಾಲ ಬಳಿ ಹಾಕಿ, ಆ ಆಯಾಸಕ್ಕೆ ಎರಡು ದಿನ ಏಳಲಿಲ್ಲ.

ಇನ್ನೊಂದು ಗುಣವಿದೆ. ನಾನು ಮೇಜಿನ ಮುಂದೆ ಕೂತರೆ ಬಂದು ಮೈಯ ಭಾರವನ್ನೆಲ್ಲ ನನ್ನ ಮೊಣಕಾಲಿಗೆ ಒರಗಿಸಿ ನಿಲ್ಲುತ್ತದೆ. ಏನೂ ಕೇಳುವುದಿಲ್ಲ, ಸುಮ್ಮನೆ ಒರಗುತ್ತದೆ. ಇಷ್ಟು ವರ್ಷದ ಈ ಕೆಲಸದಲ್ಲಿ ನನ್ನ ಮೇಲೆ ಬಿದ್ದ ಭಾರಗಳಲ್ಲಿ ನನಗೆ ಇಷ್ಟವಾದದ್ದು ಇದೊಂದೇ.

ಹೀಗಿರುವಾಗ ತಂದೆಯ ಜಾಗಕ್ಕೆ ಮಗ ಮುದೀರ್ ಬಂದರು. ಹೊರದೇಶದಲ್ಲಿ ಓದಿದವರು. ಗೋದಾಮಿನಲ್ಲಿ ಕಂಡದ್ದಕ್ಕೆಲ್ಲ ಬೆರಳು ತೋರಿಸಿ, "ಇದರ ಕೆಲಸ ಏನು?" ಎಂದು ಕೇಳುವುದು ಅವರ ಪದ್ಧತಿ. ಹಳೆಯ ತಕ್ಕಡಿ ಹೋಯಿತು, ಚಹಾ ಕಾಯಿಸುವ ಮೂಲೆ ಹೋಯಿತು. ಆಮೇಲೆ ಬೆರಳು ನಾಯಿಯ ಕಡೆ ತಿರುಗಿತು. ಇಲಿ ಹಿಡಿಯುತ್ತದೆ ಎಂದೆ. "ಮುಂದಿನ ಭಾನುವಾರ ಬರುತ್ತೇನೆ. ಹಿಡಿದರೆ ಇರಲಿ. ಇಲ್ಲದಿದ್ದರೆ ಖಲಾಸ್, ಮರುಭೂಮಿಗೆ ಬಿಟ್ಟು ಬನ್ನಿ," ಎಂದು ಹೊರಟರು. ಬೇಸಿಗೆ ಶುರುವಾಗಿತ್ತು. ಎ.ಸಿ.ಗೆ ಒಗ್ಗಿಹೋದ ಈ ಪ್ರಾಣಿ ಆ ಬಿಸಿಲಿನಲ್ಲಿ ಒಂದು ದಿನವೂ ಬದುಕುವುದಿಲ್ಲ. ಆಸ್ಪತ್ರೆಯಲ್ಲಿರುವ ದೊಡ್ಡ ಮುದೀರ್‌ಗೆ ಫೋನ್ ಮಾಡಿ ಮಗನ ಮೇಲೆ ದೂರು ಹೇಳುವ ಧೈರ್ಯ ಅಕೌಂಟೆಂಟಿಗೆಲ್ಲಿ? ಫಿಂಟಾಸಿನ ನಮ್ಮ ಫ್ಲಾಟಿಗೆ ಕರೆದೊಯ್ಯೋಣವೆಂದರೆ ಕಟ್ಟಡದ ಕಾವಲುಗಾರ ಹೂಕುಂಡಕ್ಕೇ ತಕರಾರು ತೆಗೆಯುವವನು.

ಸ್ಟೋರ್ ನೋಡಿಕೊಳ್ಳುವ ಹಮೀದಾಕನಿಗೆ ಹೇಳಿದೆ. ಅವರು ಬಂಟ್ವಾಳದ ಕಡೆಯ ಬ್ಯಾರಿಗಳು. ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕೆಂದು ಬರ್ಕ್‌ನಿಂದ ದೂರ ನಿಲ್ಲುತ್ತಾರೆ, ಆದರೆ ಅದರ ಬಟ್ಟಲಿಗೆ ದೂರದಿಂದಲೇ ನೀರು ಹೊಯ್ಯುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ.

"ಅದು ಹಿಡಿಯುದಿಲ್ಲ ಶೆಟ್ರೆ. ಇಲಿಗೂ ಅದಕ್ಕೂ ದೋಸ್ತಿ ಉಂಟು," ಎಂದರು.

"ಹಾಗಾದ್ರೆ ಎಂತ ಮಾಡುದು ಹಮೀದಾಕ?"

"ಎಂತ ಮಾಡುದು? ನೀವೇ ಹಿಡಿಯಿರಿ. ಹೆಸರು ಅದರದ್ದು ಹೇಳುವ."

ಹೀಗೆ ನಾನು ಇಲಿ ಹಿಡಿಯತೊಡಗಿದೆ. ಸ್ಪ್ರಿಂಗಿನ ಇಲಿಬೋನು ತಂದೆ. ಬೋನಿಗೆ ಏನಿಡುವುದು ಎಂಬ ಪ್ರಶ್ನೆ ಕರಾವಳಿಯವನಿಗೆ ಬರುವುದೇ ಇಲ್ಲ. ಒಣಮೀನು! ಬಂಗುಡೆ ಒಣಮೀನನ್ನು ಹದವಾಗಿ ಸುಟ್ಟರೆ ಸತ್ತವನೂ ಎದ್ದು ಕೂರುತ್ತಾನೆ, ಇಲಿ ಬಾರದೆ ಇರುತ್ತದೆಯೇ ಎಂಬುದು ನನ್ನ ಲೆಕ್ಕಾಚಾರ. ದಿನಾ ನಸುಕಿನಲ್ಲೇ ಎದ್ದು, ಮೀನು ಸುಟ್ಟು ಕಟ್ಟಿಕೊಂಡು, ಯಾರೂ ಬರುವ ಮೊದಲೇ ಗೋದಾಮು ಸೇರುತ್ತಿದ್ದೆ. ಇಲಿ ಬರುವ ಮೊದಲು ಬರ್ಕ್ ಬಂತು. ಆವರೆಗೆ ಎಲ್ಲಿ ಅಡಗಿತ್ತೋ ಗೊತ್ತಿಲ್ಲ, ಅಮ್ಮನ ಬುದ್ಧಿ ಆ ದಿನ ಎಚ್ಚರವಾಯಿತು. ಬೋನಿನ ಬುಡವನ್ನು ಕಾಲಿನಿಂದ ಮೆಲ್ಲನೆ ತಟ್ಟಿ ಸಿಡಿಸಿ, ಮೀನು ತಿಂದು, ಎ.ಸಿ. ಕೆಳಗೆ ಹೋಗಿ ಮಲಗಿತು. ಇಲಿ ಹಿಡಿಯಬೇಕಾದ ನಾಯಿಯಿಂದ ಇಲಿಯ ಪಾಲನ್ನು ಕಾಪಾಡಲು ಅದನ್ನು ಕಟ್ಟಿಹಾಕಿ, ನಾನು ಅಕ್ಕಿಮೂಟೆಗಳ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂರಬೇಕಾಯಿತು. ವಾಸನೆ ಹಿಡಿದು ಬಂದ ಹಮೀದಾಕ, "ಶೆಟ್ರೆ, ಗಂಜಿ ಉಂಟಾ?" ಎಂದರು.

ಮನೆಯಲ್ಲಿ ಅಂಗಿಯ ವಾಸನೆಗೆ ಮಗಳು, "ಪಪ್ಪಾ, ಪ್ಲೀಸ್, ಡೋಂಟ್ ಕಮ್ ನಿಯರ್ ಮಿ," ಎಂದು ಬಾಗಿಲು ಹಾಕಿಕೊಂಡಳು. ಹೆಂಡತಿ ಸುಜಾತ ಮೂಗು ಮುಚ್ಚಿಕೊಂಡೇ ಅಂಗಿಯನ್ನು ಬಕೆಟ್ಟಿಗೆ ಹಾಕಿ, "ನೀವು ಬಿ.ಕಾಂ. ಮಾಡಿದ್ದು ಇಲಿ ಹಿಡಿಲಿಕ್ಕಾ? ಅದನ್ನು ಊರಲ್ಲೇ ಹಿಡೀಬಹುದಿತ್ತಲ್ಲ," ಎಂದಳು. ಅಷ್ಟರಲ್ಲಿ ನನಗೆ ಕೂತಲ್ಲೇ ನಿದ್ದೆ ಬಂದಿತ್ತು.

ಭಾನುವಾರ ಬೆಳಿಗ್ಗೆ ಮಗ ಮುದೀರ್ ಬಂದಾಗ ಬರ್ಕ್ ಎಂದಿನಂತೆ ಮಲಗಿತ್ತು. ವಾರವಿಡೀ ಹಿಡಿದು ಐಸಿನಲ್ಲಿಟ್ಟಿದ್ದ ಐದು ಇಲಿಗಳನ್ನು ಅದರ ಮುಂದೆ ನಾನು ಸಾಲಾಗಿ ಮಲಗಿಸಿದ್ದೆ. ಹಮೀದಾಕ ಮೂಟೆಗಳ ಹಿಂದೆ ನಿಂತು ಮೇಲೆ ನೋಡುತ್ತಿದ್ದರು, ಪ್ರಾರ್ಥಿಸುತ್ತಿದ್ದರೋ ನಗು ತಡೆಯುತ್ತಿದ್ದರೋ ತಿಳಿಯಲಿಲ್ಲ. ಮುದೀರ್ ಇಲಿಗಳನ್ನು ನೋಡಿದರು, ನಾಯಿಯನ್ನು ನೋಡಿದರು. ಮೊಬೈಲು ತೆಗೆದು ತಂದೆಗೆ ಕಳಿಸಲು ಫೋಟೋ ಹೊಡೆದರು. ಆಮೇಲೆ ನನ್ನನ್ನು ನೋಡಿದರು. ಆ ಗಳಿಗೆಯಲ್ಲೇ ನನಗೆ ತಡೆಯಲಾರದ ಒಂದು ಆಕಳಿಕೆ ಬಂತು.

"ನೋಡು ಶೆಟ್ಟಿ, ಕೆಲಸ ಅಂದರೆ ಇದು," ಎಂದರು ಮುದೀರ್. "ರಾತ್ರಿಯಿಡೀ ದುಡಿದು ಎಷ್ಟು ಶಾಂತವಾಗಿ ಮಲಗಿದೆ. ನೀನು ಆಫೀಸಿಗೆ ಬರುವಾಗಲೇ ಆಕಳಿಸುತ್ತೀ. ಇದರಿಂದ ಸ್ವಲ್ಪ ಕಲಿ. ನಾಳೆಯಿಂದ ಹಿಂಬದಿಯ ನಮ್ಮ ಇನ್ನೆರಡು ಗೋದಾಮನ್ನೂ ಇದೇ ನೋಡಿಕೊಳ್ಳಲಿ. ಇದಕ್ಕೆ ಏನೇನು ಬೇಕೋ ಎಲ್ಲ ನೀನೇ ಜೊತೆಗಿದ್ದು ಒದಗಿಸು. ಯಲ್ಲಾ, ಶುರು ಮಾಡು."

ಬರ್ಕ್ ಎದ್ದು ಬಂದು ನನ್ನ ಕಾಲಿಗೆ ಒರಗಿ ನಿಂತಿತು. ಅದು ಉಳಿಯಿತಲ್ಲ ಎಂಬ ಸಂತೋಷಕ್ಕೆ ನನ್ನ ಕಣ್ಣು ತೇವವಾಯಿತು. ಇನ್ನೆರಡು ಗೋದಾಮುಗಳ ಗಾತ್ರ ನೆನೆದು ಸ್ವಲ್ಪ ಹೆಚ್ಚೇ ತೇವವಾಯಿತು. ಸಂಜೆ ಮನೆ ಸೇರಿ ಸೋಫಾದ ಮೇಲೆ ಬಿದ್ದಾಗ ಸುಜಾತ, ಮುದೀರ್ ಏನೆಂದರೆಂದು ಕೇಳಿದಳು.

"ನಾಯಿಗೆ ಪ್ರಮೋಶನ್ ಆಯ್ತು."

"ನಿಮಗೆ?"

"ನಾನು ಈಗ ಅದರ ಕೈಕೆಳಗೆ," ಎಂದೆ.