ಕಾಲ್ಚೆಂಡಿನ ಕಾಲ್ಗುಣ

ನಾನು ಅನುಮಾನದ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತಾ ಹೋದ ಹಾಗೆ ನಿಮಗೆ ಬೇರೆ ಅಭಿಪ್ರಾಯ ಬರಬಹುದು. ಹೋಟೆಲಿನಲ್ಲಿ ವೆಜ್ ಪಲಾವ್ ಬಂದರೆ ಚಮಚದಿಂದ ಒಂದು ಸಲ ತಳದವರೆಗೆ ಕೆದಕಿ ನೋಡುತ್ತೇನೆ, ಅಷ್ಟೆ. ಬಾಗಿಲಿಗೆ ಬೀಗ ಹಾಕಿ, ಕಾರಿನ ತನಕ ಹೋಗಿ, ವಾಪಸ್ ಬಂದು ಬೀಗ ಎಳೆದು ನೋಡುತ್ತೇನೆ. ಆಫೀಸಿನಲ್ಲಿ ಮ್ಯಾನೇಜರ್ 'ಗುಡ್ ಜಾಬ್' ಅಂದರೆ ಆ ದಿನವೆಲ್ಲ ನನ್ನ ರೆಸ್ಯೂಮೆ ತಿದ್ದುತ್ತಾ ಕೂರುತ್ತೇನೆ. ಇದಕ್ಕೆಲ್ಲ ಎಚ್ಚರಿಕೆ ಅನ್ನುತ್ತಾರೆ. ಧಾರವಾಡದವಳಾದ ನನ್ನ ಹೆಂಡತಿ ಸುಮಾ ಮಾತ್ರ ಒಪ್ಪುವುದಿಲ್ಲ. "ನಿಮಗ ನಿಮ್ಮ ನೆರಳಿನ ಮ್ಯಾಲೂ ಡೌಟ್ ಅದ ನೋಡ್ರಿ" ಎನ್ನುತ್ತಾಳೆ. ನೆರಳಿನ ವಿಷಯ ನನಗೆ ಗೊತ್ತಿಲ್ಲ. ಆದರೆ ಕಾಲಿನ ವಿಷಯದಲ್ಲಿ ಈ ವರ್ಷ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ.

ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ ನಾನು ಅಭಿಮಾನಿ. ಹೆಸರು ಹೇಳುವುದಿಲ್ಲ. ಹೇಳಿದ ವಾರ ಸೋಲುತ್ತದೆ. ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ಕಾಮನ್ ರೂಮಿನ ಟೀವಿಯಲ್ಲಿ ಒಂದು ರಾತ್ರಿ ಆ ಕ್ಲಬ್ಬು ಗೆದ್ದದ್ದನ್ನು ನೋಡಿದೆ, ಅವತ್ತಿಂದ ಅಂಟಿಕೊಂಡಿತು. ಆಗ ಅದು ರಾಜನ ಹಾಗಿತ್ತು. ಈಗ ಅದರ ಸ್ಥಿತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಕಳೆದ ಸೀಸನ್ನಿನಲ್ಲಂತೂ ಮೇಲಿನ ಡಿವಿಷನ್ನಿನಿಂದ ಕೆಳಗೆ ಬೀಳುವ ಸ್ಥಿತಿಗೆ ಬಂದಿತ್ತು. ಸೋತ ದಿನ ನಾನು ಮಂಕಾಗಿ ಕೂತಿದ್ದರೆ ನನ್ನ ಮಗಳು ಹೆಗಲ ಮೇಲೆ ಕೈ ಹಾಕಿ, "ಅಪ್ಪಾ, ದೇ ಡೋಂಟ್ ಈವನ್ ನೋ ಯು ಎಕ್ಸಿಸ್ಟ್" ಎಂದು ಸಮಾಧಾನ ಹೇಳುತ್ತಾಳೆ. ಎಂಥ ಸಮಾಧಾನ!

ನಾವಿರುವುದು ಟೆಕ್ಸಸ್ಸಿನ ರಿಚರ್ಡ್‌ಸನ್ನಿನಲ್ಲಿ. ಶನಿವಾರ ಬೆಳಿಗ್ಗೆ ಲೂಯಿಸ್‌ವಿಲ್‌ನ ಗೆಳೆಯ ನಾಗರಾಜನ ಅಪಾರ್ಟ್‌ಮೆಂಟಿಗೆ ಡ್ರೈವ್ ಮಾಡುತ್ತೇನೆ. ಅಲ್ಲಿ ದೊಡ್ಡ ಟೀವಿ ಇದೆ, ಮೈಸೂರಿಂದ ಆರು ತಿಂಗಳಿಗೆಂದು ಬಂದ ಅವನ ಅಮ್ಮನ ಇಡ್ಲಿ ಇದೆ. ನಾಗರಾಜನಲ್ಲದೆ ಇನ್ನಿಬ್ಬರು ಬರುತ್ತಾರೆ. ಒಬ್ಬ ಪ್ರಸನ್ನ, ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಇನ್ನೊಬ್ಬ ಟೇಲರ್ ಮೂರ್ತಿ. ಈತ ಆಸ್ಟಿನ್ ಪಕ್ಕದ ಟೇಲರ್ ಎಂಬ ಊರಿನ ಚಿಪ್ ಕಾರ್ಖಾನೆಯಲ್ಲಿ ವಾರವಿಡೀ ದುಡಿದು ಶನಿವಾರ, ಭಾನುವಾರ ಲೂಯಿಸ್‌ವಿಲ್‌ನ ಸಂಸಾರಕ್ಕೆ ಬರುವವನು. ಹೆಸರು ಕೇಳಿದ ಮೊದಲ ದಿನವೇ ಸುಮಾ ಎರಡು ಬ್ಲೌಸ್ ಪೀಸ್ ತೆಗೆದಿಟ್ಟಿದ್ದಳು. ಪಾಪ, ಅವನೂ ಸಂಕೋಚಕ್ಕೆ ಅಳತೆ ಬ್ಲೌಸ್ ಇಸಕೊಂಡು ಹೋಗಿದ್ದ.

ನಮ್ಮ ಚರ್ಚೆ ಮ್ಯಾಚಿಗಿಂತ ಉದ್ದ. ಆಟಗಾರರ ಹೆಸರನ್ನೂ ನಾವು ಹೇಳುವುದಿಲ್ಲ, ಹೇಳಿದರೆ ಅವರ ಮಂಡಿ ಉಳುಕುತ್ತದೆ. ಹಾಗಾಗಿ ಹಳೇ ಕಾಲದ ಮಿಡ್‌ಫೀಲ್ಡರ್ ಒಬ್ಬ ನಮಗೆ 'ಬೋಳಣ್ಣ', ಈಗಿನ ಫಾರ್ವರ್ಡ್ 'ಜುಟ್ಟು'. ಬೋಳಣ್ಣ ದೊಡ್ಡವನೋ ಜುಟ್ಟು ದೊಡ್ಡವನೋ ಎಂದು ಇಡ್ಲಿ ತಣ್ಣಗಾಗುವ ತನಕ ಜಗಳ ಆಡುತ್ತೇವೆ. ಬೋಳಣ್ಣ ಪಾಸ್ ಕೊಟ್ಟರೆ ಮಗುವಿಗೆ ತುತ್ತು ಕೊಟ್ಟ ಹಾಗಿತ್ತು ಎಂದು ನಾನು. "ಅವನ ಕಾಲದಲ್ಲಿ ಡಿಫೆಂಡರ್‌ಗಳು ನಡೀತಿದ್ರು ಗುರೂ, ಈಗ ಓಡ್ತಾರೆ" ಎಂದು ಮೂರ್ತಿ. ಪ್ರಸನ್ನನಿಗೆ ಆಟಗಾರರೇ ಬೇಕಿಲ್ಲ. "ಇದು ಪ್ಲೇಯರ್ ಇಶ್ಯೂ ಅಲ್ಲ ಸ್ವಾಮಿ, ಗವರ್ನೆನ್ಸ್ ಇಶ್ಯೂ. ಓನರ್‌ಗೆ ವಿಷನ್ ಇಲ್ಲ, ಕೋಚ್‌ಗೆ ಪವರ್ ಇಲ್ಲ" ಎನ್ನುತ್ತಾನೆ. ತನ್ನ ಆಫೀಸಿನ ಬಗ್ಗೆ ಹೇಳುತ್ತಿದ್ದಾನೋ ಕ್ಲಬ್ಬಿನ ಬಗ್ಗೆಯೋ ಎಂಬ ಅನುಮಾನ ನನಗೆ ಯಾವಾಗಲೂ ಇದೆ.

ಸೋಲು ಮುಂದುವರಿಯಿತು. ಓನರನ್ನು ಬೈದೆವು, ಕೋಚನ್ನು ಬೈದೆವು, ಕೋಚ್ ಬದಲಾದ ಮೇಲೆ ಹೊಸಬನನ್ನು ಬೈದು ಹಳಬನನ್ನು ಹೊಗಳಿದೆವು. ಗೋಲ್‌ಕೀಪರನ ಗ್ಲೌಸನ್ನೂ ಬಿಡಲಿಲ್ಲ. ಬೈಯಲು ಇನ್ನು ಯಾರೂ ಉಳಿಯದ ಒಂದು ಶನಿವಾರ, ಮೂಲೆಯಲ್ಲಿ ನೆನೆಸಿದ ಅವರೆಕಾಳಿನ ಸಿಪ್ಪೆ ಚಿಲುಕುತ್ತಿದ್ದ ನಾಗರಾಜನ ಅಮ್ಮ ತಲೆ ಎತ್ತದೆ ಹೇಳಿದರು: "ಯಾರದೋ ಕಾಲ್ಗುಣ ಕಣ್ರಪ್ಪಾ."

ನಾವು ನಕ್ಕೆವು. ನಾಲ್ಕೂ ಜನ ಇಂಜಿನಿಯರುಗಳು, ನಗದೆ ಇರುತ್ತೇವೆಯೇ! ಅಮ್ಮ ನಗಲಿಲ್ಲ. "ಕಾಲಲ್ಲಿ ಆಡೋ ಆಟ. ಕಾಲ್ಗುಣ ನೋಡಬೇಡ್ವಾ?" ಎಂದರು. ಹೊರಡುವಾಗ ಶೂ ಹಾಕಿಕೊಳ್ಳುತ್ತಾ ಒಬ್ಬರ ಪಾದ ಒಬ್ಬರು ಕದ್ದು ನೋಡಿಕೊಂಡೆವು.

ನನಗೆ ತಕ್ಷಣ ಹೊಳೆದದ್ದು ಮೂರ್ತಿ. ಗುಂಪಿಗೆ ಕೊನೆಯಲ್ಲಿ ಸೇರಿದವನು ಅವನೇ, ಅವನು ಬಂದ ಮೇಲೆಯೇ ತಾನೇ ನಮ್ಮ ಕ್ಲಬ್ಬು ಮಕಾಡೆ ಮಲಗಿದ್ದು? ಅದೂ ಅಲ್ಲದೆ ಆತ ಬೋಳಣ್ಣನನ್ನು ಒಪ್ಪುವವನಲ್ಲ. ಮೆಲ್ಲಗೆ ನಾಗರಾಜನ ಕಿವಿಯಲ್ಲಿ ಹಾಕಿದೆ. "ಇರು, ನೋಡೋಣ" ಎಂದ. ಮುಂದಿನ ಶನಿವಾರ ಮೂರ್ತಿಗೆ ಟೇಲರಿನಲ್ಲಿ ಶಿಫ್ಟ್ ಬಿತ್ತು, ಬರಲಿಲ್ಲ. ನಾನು ಗೆಲುವು ಖಾತ್ರಿ ಎಂದು ಮೈಸೂರ್ ಪಾಕ್ ಬೇರೆ ಒಯ್ದಿದ್ದೆ. ಮೂರು ಗೋಲಿನಿಂದ ಸೋತೆವು. ಮೈಸೂರ್ ಪಾಕನ್ನು ಯಾರೂ ಮುಟ್ಟಲಿಲ್ಲ, ಮೂರ್ತಿ ನಿರಪರಾಧಿ ಎಂದು ತೀರ್ಮಾನವಾಯಿತು.

ಅದರ ಮರುವಾರ ಹ್ಯೂಸ್ಟನ್ನಿನಲ್ಲಿ ಸುಮಾಳ ಚಿಕ್ಕಮ್ಮನ ಮಗನ ಗೃಹಪ್ರವೇಶ. ಸತ್ಯನಾರಾಯಣ ಕಥೆ ನಡೆಯುತ್ತಿದ್ದಾಗ ಫೋನಿನಲ್ಲಿ ಸ್ಕೋರ್ ನೋಡಿದೆ: ನಾಲ್ಕು–ಸೊನ್ನೆ, ನಾವು ಗೆದ್ದಿದ್ದೆವು! ಕುಣಿಯುವ ಹಾಗಾಯಿತು. ಅದರ ನಂತರದ ವಾರ ಆಫೀಸಿನವರು ಆಸ್ಟಿನ್ನಿಗೆ ಕಳಿಸಿದರು, ಆಗಲೂ ಗೆದ್ದೆವು. ಕ್ಲಬ್ಬು ಚೇತರಿಸಿಕೊಂಡಿತು ಎಂದು ನಾನು ಸಂತೋಷದಿಂದ ಲೂಯಿಸ್‌ವಿಲ್‌ಗೆ ಹೋದೆ. ನಾನು ಸೋಫಾದಲ್ಲಿ ಕೂತ ಕೂಡಲೇ ಎದುರಾಳಿ ಗೋಲ್ ಹೊಡೆದ. ಜುಟ್ಟು ಪೆನಾಲ್ಟಿಯನ್ನು ಆಕಾಶಕ್ಕೆ ಒದ್ದ. ಆ ದಿನ ಅಮ್ಮ ನನಗೆ ಕಾಫಿ ಕೊಡುವಾಗ ಮುಖ ನೋಡಲಿಲ್ಲ. ಕಾಲು ನೋಡಿದರು.

ಆಮೇಲೆ ಶುರುವಾಯಿತು. "ಈ ಶನಿವಾರ ಬೇಡ ಮಾರಾಯ, ಕಾರ್ಪೆಟ್ ಕ್ಲೀನ್ ಮಾಡೋಕೆ ಬರ್ತಾರೆ" ಎಂದು ನಾಗರಾಜ ಫೋನ್ ಮಾಡಿದ. ಮರುವಾರ ಟೀವಿ ಕೆಟ್ಟಿತ್ತು. ಅದರ ಮರುವಾರ ಅಮ್ಮನಿಗೆ ಮಂಡಿ ನೋವು. ಕಾರ್ಪೆಟ್ಟು, ಟೀವಿ, ಮಂಡಿ ಮೂರೂ ಶನಿವಾರವೇ ಯಾಕೆ ಕೈಕೊಡಬೇಕು? ನಮ್ಮ ಫೋನಿನ ಗ್ರೂಪಿನಲ್ಲಿ ಮ್ಯಾಚಿನ ಹೊತ್ತಿಗೆ ಒಂದು ಮಾತಿಲ್ಲ. ಪ್ರಸನ್ನ ಮ್ಯಾಚ್ ನೋಡುತ್ತಾ ಬಾಯಿ ಮುಚ್ಚಿಕೊಂಡಿರುವುದೆಂದರೆ ನಂಬುವ ಮಾತೇ? ನಾನಿಲ್ಲದ ಇನ್ನೊಂದು ಗ್ರೂಪ್ ಹುಟ್ಟಿದೆ ಎಂದು ನನಗೆ ವಾಸನೆ ಹೊಡೆಯಿತು. ಮ್ಯಾಚಿನ ಮಧ್ಯೆ ಬೇಕೆಂದೇ ಒಂದು ಗಾಳ ಬಿಟ್ಟೆ: "ಅದು ಆಫ್‌ಸೈಡ್ ಇತ್ತಾ?" ತಕ್ಷಣ ಮೂರ್ತಿ ಉತ್ತರಿಸಿದ, "ಇಲ್ಲ ಗುರೂ, ಅಮ್ಮಾನೂ ಅಲ್ಲ ಅಂದ್ರು." ನಾನು ಅದನ್ನು ಎರಡನೇ ಸಲ ಓದುವುದರೊಳಗೆ ಮಾಯ. ಮೆಸೇಜ್ ಅಳಿಸಿದ ಗುರುತು ಮಾತ್ರ ಉಳಿದಿತ್ತು.

ನಿಜ ಹೇಳುತ್ತೇನೆ, ನನಗೆ ಅಳು ಬಂತು. ಕ್ಲಬ್ಬು ಸೋತಾಗಲೂ ಹಾಗೆ ಆಗಿರಲಿಲ್ಲ. ವಾರವೆಲ್ಲ ಮೀಟಿಂಗಿನಲ್ಲಿ ಇಂಗ್ಲಿಷ್ ಆಡಿ ಆಡಿ ದವಡೆ ನೋಯುವ ನನಗೆ, ಬಾಯಿ ತುಂಬಾ ಕನ್ನಡದಲ್ಲಿ ಬೈಯಲು ಇದ್ದದ್ದು ಅದೊಂದೇ ಜಾಗ. ಅದೂ ಹೋಯಿತಲ್ಲ! ಸುಮಾಳ ಹತ್ತಿರ ತೋಡಿಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾ ಮದುವಿ ಆಗಿ ನಿಮ್ಮ ಮನಿಗೆ ಬಂದ ವಾರನ ಮಿಕ್ಸರ್ ಸುಟ್ಟಿತ್ತು. ನಿಮ್ಮ ಸೋದರತ್ತಿ 'ಹೊಸ ಸೊಸೆ ಕಾಲ್ಗುಣ' ಅಂದ್ರು. ನೀವೇನಂದ್ರಿ? 'ಹಳೇ ಜನ, ಮನಸ್ಸಿಗೆ ಹಚ್ಕೋಬೇಡ' ಅಂದ್ರಿ. ಈಗ ನೀವೂ ಹಚ್ಕೋಬ್ಯಾಡ್ರಿ" ಎಂದಳು. ಮಿಕ್ಸರಿನ ವೈರು ಹಳೆಯದಾಗಿತ್ತು ಎಂದು ನಾನು ವಾದಿಸಿದೆ. "ನಿಮ್ಮ ಟೀಮಿನ ವೈರೂ ಹಳೇದ ಇರಬೇಕ್ರಿ" ಎಂದಳು.

ಸೀಸನ್ನಿನ ಕೊನೆಯ ಮ್ಯಾಚ್ ಬಂತು. ಡ್ರಾ ಆದರೆ ಕ್ಲಬ್ಬು ಮೇಲಿನ ಡಿವಿಷನ್ನಿನಲ್ಲಿ ಉಳಿಯುತ್ತದೆ, ಸೋತರೆ ಕೆಳಗೆ. ನಾಗರಾಜ ಫೋನ್ ಮಾಡಿ, ತಾನು ಸಂಸಾರ ಸಮೇತ ಕೆರೆ ಕಡೆಗೆ ಪಿಕ್‌ನಿಕ್ ಹೋಗುತ್ತಿದ್ದೇನೆ ಎಂದ. ಅಂಥ ದಿನ ಪಿಕ್‌ನಿಕ್ಕಾ! ಮನೆಯಲ್ಲಿ ಕೂತು ಅರ್ಧ ಮ್ಯಾಚ್ ನೋಡಿದೆ, ಒಂದು ಗೋಲು ಹಿಂದಿದ್ದೆವು. ಟೀವಿ ಆರಿಸಿ ಎದ್ದೆ. ಅಮ್ಮ ಹಿಂದೆ ಹುಳಿಯವಲಕ್ಕಿ ಕೊಟ್ಟು ಕಳಿಸಿದ್ದ ಸ್ಟೀಲ್ ಡಬ್ಬಿ ನಮ್ಮಲ್ಲೇ ಉಳಿದಿತ್ತು, ನೆಪಕ್ಕೆ ಅದು ಸಿಕ್ಕಿತು. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂದು ಸುಮಾ ಶೇಂಗಾ ಹೋಳಿಗೆ ತುಂಬಿದಳು. "ಡಬ್ಬಿ ಕೊಟ್ಟು ಬರ್ರಿ. ಒಳಗ ಮಾತ್ರ ಕಾಲಿಡಬ್ಯಾಡ್ರಿ" ಎಂದಳು. ಅವಳೂ ಆ ಕಡೆಯವಳೇ ಇರಬಹುದೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಮೆಟ್ಟಿಲು ಹತ್ತಿ ನೋಡಿದರೆ ನಾಗರಾಜನ ಬಾಗಿಲ ಮುಂದೆ ಪಿಕ್‌ನಿಕ್ ನಡೆದಿತ್ತು. ಪ್ರಸನ್ನನ ಲೇಸ್ ಬಿಚ್ಚದ ಶೂ, ಮೂರ್ತಿಯ ಕಾರ್ಖಾನೆ ಬೂಟು, ಪಕ್ಕದಲ್ಲಿ ಅಮ್ಮನ ಹವಾಯಿ ಚಪ್ಪಲಿ. ನನ್ನ ಶೂ ಬಿಡುತ್ತಿದ್ದ ಜಾಗದಲ್ಲಿ ಯಾರೋ ಒಂದು ಕುಂಡ ಇಟ್ಟಿದ್ದರು. ಒಳಗಿಂದ ನರಳಾಟ ಕೇಳುತ್ತಿತ್ತು, ಇನ್ನೂ ಒಂದು ಗೋಲು ಹಿಂದೆ. ನಾಗರಾಜನ ದನಿ ಕೇಳಿಸಿತು. "ಬೋಳಣ್ಣ ಇದ್ದಿದ್ರೆ ಅಂತ ಹೇಳೋರೂ ಇಲ್ಲ ಕಣೋ. ಆ ಮಾರಾಯ ಇಲ್ದೆ ಒಂಥರಾ ಸಪ್ಪೆ." ಅಮ್ಮ ಹೇಳಿದರು, "ನಂಗೇನು ಅವನ ಮೇಲೆ ದ್ವೇಷಾನಾ? ಮ್ಯಾಚ್ ಮುಗೀಲಿ, ಊಟಕ್ಕೆ ಕರಿ."

ಬೆಲ್ ಒತ್ತಲು ಎತ್ತಿದ ಕೈ ಅಲ್ಲೇ ನಿಂತಿತು. ಒಳಗೆ ಹೋದರೆ ಅವರು ಸಿಗುತ್ತಾರೆ, ಕ್ಲಬ್ಬು ಮುಳುಗುತ್ತದೆ. ಹೋಗದಿದ್ದರೆ ಕ್ಲಬ್ಬು ಉಳಿಯಬಹುದು, ಆದರೆ ನಾನು ಆ ಕುಂಡಕ್ಕಿಂತ ಕಡೆ. ಕೊನೆಗೆ ಗೆಳೆಯರೇ ಮುಖ್ಯ, ಏನಾದರಾಗಲಿ ಎಂದು ಗಟ್ಟಿ ಮನಸ್ಸು ಮಾಡಿ, ಬಗ್ಗಿ ಎಡಗಾಲಿನ ಶೂ ಬಿಚ್ಚಿದೆ. ಬಲಗಾಲಿನ ಶೂಗೆ ಕೈ ಹಾಕುವಷ್ಟರಲ್ಲಿ ಒಳಗೆ ಛಾವಣಿ ಹಾರುವಂಥ ಕೂಗು. ಗೋಲ್! ಬಾಗಿಲು ದಡಾರನೆ ತೆರೆಯಿತು. ಖುಷಿ ತಡೆಯಲಾರದೆ ಹೊರಗೆ ಹಾರಿದ ಮೂರ್ತಿ ಒಂಟಿಕಾಲಿನಲ್ಲಿ ನಿಂತ ನನ್ನನ್ನು ಕಂಡು ಬೆಪ್ಪಾದ. ಹಿಂದೆಯೇ ಅಮ್ಮ ಬಂದರು.

"ಗೋಲ್ ಆದಾಗ ನೀನು ಎಲ್ಲಿದ್ದೆ?"

"ಇಲ್ಲೇ ಅಮ್ಮ."

"ಹೇಗಿದ್ದೆ?"

"ಹೀಗೇ. ಒಂದು ಶೂ ಬಿಚ್ಚಿದ್ದೆ."

"ಹಾಗೇ ಇರು. ಹೊಸ್ತಿಲು ದಾಟಬೇಡ, ಅಲ್ಲಾಡಬೇಡ!"

ನಾನು ಅಲ್ಲಾಡಲಿಲ್ಲ. ಎ.ಸಿ. ಗಾಳಿಯೆಲ್ಲ ಹೊರಗೆ ಹೋದರೂ ನಾಗರಾಜ ಬಾಗಿಲು ಪೂರ್ತಿ ತೆರೆದಿಟ್ಟ. ಅಲ್ಲಿಂದ ನನಗೆ ಟೀವಿಯ ಎಡಭಾಗ ಮಾತ್ರ ಕಾಣುತ್ತಿತ್ತು, ನಮ್ಮ ಗೋಲ್ ಪೋಸ್ಟೂ ಆ ಕಡೆಯೇ. ಹಾಗಾಗಿ ನಾನು ನೋಡಿದ್ದೆಲ್ಲ ಎದುರಾಳಿಗಳು ನಮ್ಮ ಮೇಲೆ ನುಗ್ಗುವುದನ್ನೇ. ಕಾಲು ಜೋಮು ಹಿಡಿಯಿತು. ಪ್ರಸನ್ನ ಹೊರಗೆ ಬಂದು ಹೆಗಲು ಕೊಟ್ಟ. "ಸಾರಿ ಸ್ವಾಮಿ, ಅದು ಕಲೆಕ್ಟಿವ್ ಡಿಸಿಷನ್" ಎಂದ. ಅಮ್ಮ ಹೊಸ್ತಿಲ ಒಳಗಿನಿಂದಲೇ ಹೋಳಿಗೆ ಮುರಿದು ನನ್ನ ಬಾಯಿಗಿಟ್ಟರು. ಕೊನೆಯ ಸೀಟಿ ಊದಿತು. ಡ್ರಾ. ಉಳಿದೆವು! ನನ್ನನ್ನು ಒಳಗೆ ಬಿಡಲಿಲ್ಲ ನಿಜ, ಆದರೆ ಅವರೆಲ್ಲ ಬರಿಗಾಲಿನಲ್ಲಿ ಹೊರಗೆ ಓಡಿ ಬಂದು ನನ್ನನ್ನು ತಬ್ಬಿಕೊಂಡರು. ನನಗೆ ಮತ್ತೆ ಅಳು ಬಂತು, ಈ ಸಲ ಮುಚ್ಚಿಡಲಿಲ್ಲ.

ಹೊಸ ಸೀಸನ್ ಶುರುವಾಗಿದೆ. ಅಮ್ಮ ಮೈಸೂರಿಗೆ ಹೋದರು, ವಿಡಿಯೋ ಕಾಲ್‌ನಲ್ಲಿ ಮೇಲ್ವಿಚಾರಣೆ ನಡೆಸುತ್ತಾರೆ. ನಾಗರಾಜನ ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನನಗೊಂದು ಮಡಚುವ ಕುರ್ಚಿ ಕಾಯಂ ಆಗಿದೆ, ಕುಂಡ ಪಕ್ಕಕ್ಕೆ ಸರಿದಿದೆ. ಎಡಗಾಲು ಬರಿದು, ಬಲಗಾಲಲ್ಲಿ ಶೂ. ಇಡ್ಲಿ, ಕಾಫಿ, ಬೋಳಣ್ಣನ ಕುರಿತ ಜಗಳ ಎಲ್ಲವೂ ಹೊಸ್ತಿಲ ಮೇಲಿಂದಲೇ ಸಾಗುತ್ತದೆ. ಈ ಟೆಕ್ಸಸ್ ಸೆಕೆಯಲ್ಲಿ ಹೊರಗೆ ಕೂರುವುದು ಸುಲಭವಲ್ಲ, ಆದರೂ ನನ್ನ ಜಾಗ ನನಗೆ ಸಿಕ್ಕಿತಲ್ಲ ಎಂದು ತೃಪ್ತಿಯಾಗಿದ್ದೆ.

ಆದರೆ ಮೊನ್ನೆ ನಾನು ಸರಿಯಾಗಿಯೇ ಕೂತಿದ್ದರೂ ಎರಡು ಗೋಲಿನಿಂದ ಸೋತುಬಿಟ್ಟೆವು. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ನನ್ನ ಕಾಲಿನ ಕಡೆ ತಿರುಗುತ್ತಿರುವುದು ಗೊತ್ತಾಯಿತು. ನಾನು ಅನುಮಾನದ ಮನುಷ್ಯನಲ್ಲ, ಅದನ್ನು ಮೊದಲೇ ಹೇಳಿದ್ದೇನೆ. ಅವರಿವರನ್ನು ಸುಮ್ಮನೆ ದೂರಿದರೆ ಆಗುವ ನೋವು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನಾಗರಾಜನನ್ನು ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿಯೇಬಿಟ್ಟೆ: "ಎದುರು ಮನೆಗೆ ಹೊಸಬರು ಬಂದಿದ್ದಾರಲ್ಲ, ಅವರು ಬಂದದ್ದು ಯಾವತ್ತು ಮಾರಾಯ?"