ಮರಳು ಸರಿ ಇಲ್ಲ

ಮರಳಿನ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬ ನಂಬಿಕೆ ಮೊನ್ನೆ ಒಂದು ಭಾನುವಾರದವರೆಗೂ ಗಟ್ಟಿಯಾಗಿತ್ತು. ರಾಮನಗರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಮಣ್ಣು, ಮರಳು, ಜಲ್ಲಿಗಳನ್ನು ಪರೀಕ್ಷಿಸುವ ಪ್ರಯೋಗಾಲಯ ನನ್ನ ಸುಪರ್ದಿನಲ್ಲಿದೆ. ಗಾಜಿನ ಜಾಡಿಗೆ ಮರಳು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಬೆರೆಸಿ, ಚೆನ್ನಾಗಿ ಕುಲುಕಿ ಇಡಬೇಕು. ದಪ್ಪ ಕಾಳು ದಡಕ್ಕನೆ ತಳ ಸೇರುತ್ತದೆ. ಸಣ್ಣದು ಅದರ ಹಿಂದೆಯೇ ಇಳಿಯುತ್ತದೆ. ಧೂಳು ಮಾತ್ರ, ಮದುವೆಮನೆಗೆ ಬರುವ ದೊಡ್ಡ ಮನುಷ್ಯರ ಹಾಗೆ, ಎಲ್ಲರೂ ಕೂತ ಮೇಲೆ ನಿಧಾನವಾಗಿ ಬಂದು ಮೇಲುಗಡೆ ಕೂರುತ್ತದೆ. ಆ ಮೇಲಿನ ಪದರ ತೆಳ್ಳಗಿದ್ದರೆ ಮರಳು ಪಾಸು, ದಪ್ಪಗಿದ್ದರೆ ಫೇಲು. ಇಷ್ಟೇ ವಿದ್ಯೆ. ಇದನ್ನೇ ನಾನು ಹುಡುಗರಿಗೆ ವಾರಗಟ್ಟಲೆ ಎಳೆಯುತ್ತೇನೆ.

ನನ್ನ ಹೆಂಡತಿ ಜಯಮ್ಮನ ತಮ್ಮ ಶಿವಲಿಂಗ ಮಾಗಡಿ ಹತ್ತಿರದ ತನ್ನ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದ. ಸೋಮವಾರ ಮೋಲ್ಡು, ಅಂದರೆ ತಾರಸಿಗೆ ಕಾಂಕ್ರೀಟು ಹಾಕುವ ದಿನ. ಅದಕ್ಕೆ ಎಂ-ಸ್ಯಾಂಡ್ ಕಳಿಸಿದ್ದವರು ಅವನ ಬೀಗರು ಗಂಗಣ್ಣನವರು. ಕಲ್ಲು ಪುಡಿ ಮಾಡುವ ಕ್ರಷರ್ ಅವರದೇ. ಶಿವಲಿಂಗನ ಮಗಳನ್ನು ಆ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಮೋಲ್ಡಿನ ದಿನ ಬೀಗರು ಮಗಳನ್ನು ಕರೆದುಕೊಂಡು ಊಟಕ್ಕೆ ಬರುವುದೆಂದು ಮಾತಾಗಿತ್ತು. ಇಂಥ ಮರಳನ್ನು ಪರೀಕ್ಷೆ ಮಾಡುವ ಅಗತ್ಯ ಶಿವಲಿಂಗನಿಗಿರಲಿಲ್ಲ. ನನಗಿತ್ತು! ರಾಶಿಯ ಮೇಲಿನದು, ನಡುವಿನದು, ಬುಡದ್ದು ಎಂದು ಮೂರು ಕವರು ಮರಳನ್ನು ಒತ್ತಾಯ ಮಾಡಿ ತರಿಸಿಕೊಂಡೆ.

ಭಾನುವಾರ ಕಾಲೇಜಿಗೆ ಬೀಗ. ಹಿಂದಿನ ಸಂಜೆಯೇ ಮೂರು ಜಾಡಿ ಮನೆಗೆ ತಂದಿಟ್ಟಿದ್ದೆ. ಬೆಳಿಗ್ಗೆ ಜಯಮ್ಮ, ಬಾಣಂತನಕ್ಕೆ ಬಂದಿದ್ದ ಮಗಳನ್ನೂ ಮಗುವನ್ನೂ ಕರೆದುಕೊಂಡು ಪೇಟೆಗೆ ಹೋದ ಮೇಲೆ ಅಡುಗೆಮನೆ ಕಟ್ಟೆಯನ್ನು ಪ್ರಯೋಗಾಲಯವೆಂದು ಘೋಷಿಸಿದೆ. ನಲ್ಲಿ ತಿರುಗಿಸಿದರೆ ಬುಸ್ ಎಂದಿತು. ಅಂದು ನೀರು ಬಿಡುವ ದಿನವಲ್ಲ. ಆದರೆ ಮೂಲೆಯಲ್ಲಿ ತಟ್ಟೆ ಮುಚ್ಚಿದ ಪಾತ್ರೆಯಲ್ಲಿ ನೀರಿತ್ತು. ಒಸಿ ಕೆಂಪಗಿತ್ತು. ನಮ್ಮ ಬೋರ್‌ವೆಲ್ ನೀರು ಯಾವತ್ತು ಬೆಳ್ಳಗಿತ್ತು?

ಮೇಲಿನದು, ನಡುವಿನದು, ಬುಡದ್ದು ಎಂದು ಅದೇ ಕ್ರಮದಲ್ಲಿ ಮೂರು ಜಾಡಿಗೂ ಮರಳು ಹಾಕಿದೆ. ಮೊದಲ ಜಾಡಿಗೆ ಪಾತ್ರೆಯ ಮೇಲಿನ ನೀರನ್ನು ಹುಷಾರಾಗಿ ಬಗ್ಗಿಸಿದೆ. ಎರಡನೆಯದಕ್ಕೆ ಬಗ್ಗಿಸುವಾಗ ತಳದಲ್ಲಿ ಏನೋ ಕದಡಿತು. ಮೂರನೆಯದಕ್ಕೆ ನೀರು ಸಾಲದೆಂದು ಪಾತ್ರೆಯನ್ನು ಗಲಗಲ ಅಲ್ಲಾಡಿಸಿ ಪೂರ್ತಿ ಬೋರಲು ಹಾಕಿದೆ. ಉಪ್ಪು ಬೆರೆಸಿದೆ, ಕುಲುಕಿದೆ, ಕುರ್ಚಿ ಎಳೆದುಕೊಂಡು ಕಾಯುತ್ತಾ ಕೂತೆ.

ಫಲಿತಾಂಶ ನೋಡಿ ಕುರ್ಚಿಯಿಂದ ಎದ್ದು ನಿಂತೆ. ರಾಶಿಯ ಮೇಲಿನ ಮರಳು ಚೊಕ್ಕ. ನಡುವಿನದರ ಮೇಲೆ ಬೂದು ಬಣ್ಣದ ಪದರ. ಬುಡದ ಮರಳಿನ ಮೇಲೆ ಬೆರಳು ದಪ್ಪದ ಮಡ್ಡಿ! ಇದಕ್ಕೆ ಅರ್ಥ ಒಂದೇ: ಕ್ರಷರ್ ಧೂಳನ್ನು ಅಡಿಗೆ ಸುರಿದು, ಮೇಲೆ ಒಳ್ಳೆಯ ಮರಳು ಹೊದಿಸಿ ಕಳಿಸಿದ್ದಾರೆ. ನನ್ನ ವೃತ್ತಿಯಲ್ಲಿ ಇಷ್ಟು ಅಚ್ಚುಕಟ್ಟಾದ ಸಾಕ್ಷಿ ಹಿಂದೆ ಸಿಕ್ಕಿರಲಿಲ್ಲ. ಶಿವಲಿಂಗನಿಗೆ ಫೋನ್ ಮಾಡಿ, ಮರಳು ಸರಿ ಇಲ್ಲ, ನಿನ್ನ ಬೀಗರು ಮೋಸ ಮಾಡಿದ್ದಾರೆ, ಮೋಲ್ಡು ನಿಲ್ಲಿಸು ಎಂದು ಗಂಭೀರವಾಗಿ ತಿಳಿಸಿದೆ.

ಸ್ವಲ್ಪ ಹೊತ್ತಿಗೆ ಅವನೇ ಫೋನ್ ಮಾಡಿದ. ಗಂಗಣ್ಣನವರು ಕೂಗಾಡಲಿಲ್ಲವಂತೆ. ಸಂಜೆ ಟ್ರ್ಯಾಕ್ಟರ್ ಕಳಿಸಿ ಮರಳು ವಾಪಸ್ ತುಂಬಿಸಿಕೊಳ್ಳುತ್ತೇನೆ, ನಾಳೆ ನಾವ್ಯಾರೂ ಬರಲ್ಲ ಎಂದಷ್ಟೇ ಹೇಳಿ ಇಟ್ಟರಂತೆ. "ಕೂಗಾಡಿದ್ರೆ ಸಮಾಧಾನ ಮಾಡ್‌ಬೋದಿತ್ತು ಭಾವ," ಎಂದ ಶಿವಲಿಂಗ. "ಮಗ್ಳು ಆ ಮನೇಲಿ ಬಾಳ್ಬೇಕಲ್ಲ." ಸತ್ಯ ಯಾವಾಗಲೂ ಕಹಿ ಎಂದು ಸಮಾಧಾನ ಹೇಳಿದೆ.

ಅಷ್ಟರಲ್ಲಿ ಜಯಮ್ಮ ಬಂದಳು. ಖಾಲಿ ಪಾತ್ರೆ ನೋಡಿದಳು.

"ರೀ, ಇದ್ರಲ್ಲಿದ್ದ ರಾಗಿ ಹಾಲೆಲ್ಲಿ?"

"ಯಾವ ರಾಗಿ ಹಾಲು?"

"ಮೊಳಕೆ ರಾಗಿ ರುಬ್ಬಿ, ಬಟ್ಟೇಲಿ ಸೋಸಿ, ರಾತ್ರಿಯೆಲ್ಲ ಕೂರಕ್ಕೆ ಬುಟ್ಟಿದ್ದೆ. ಮಗೀಗೆ ರಾಗಿ ಸರಿ ಕಾಯಿಸಕ್ಕೆ."

ನಾನು ಜಾಡಿಗಳ ಕಡೆ ನೋಡಿದೆ. ಅವಳೂ ನೋಡಿದಳು. ಮೂರನೆಯ ಜಾಡಿಗೆ ಉದ್ದನೆಯ ಚಮಚ ಇಳಿಸಿ ಕ್ರಷರ್ ಧೂಳನ್ನು ಒಂದಿಷ್ಟು ಎತ್ತಿ, ಬೆರಳಲ್ಲಿ ಉಜ್ಜಿದಳು. ನಾನು ಹಿಂದೆ ಮುಂದೆ ನೋಡುತ್ತಾ ಫೋನಿನಲ್ಲಿ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವಳು ಪೂರ್ತಿ ಕೇಳಿ ತೀರ್ಪು ಕೊಟ್ಟಳು: "ಮರಳು ಸರಿ ಇಲ್ಲ ಅಂದ್ರಾ? ಮರಳ್ ಮ್ಯಾಲೆ ಇರೋದೆಲ್ಲ ಸರೀನೇ ಕಣ್ರೀ."

ಮತ್ತೆ ಶಿವಲಿಂಗನಿಗೆ ಫೋನ್ ಮಾಡಿದೆ.

"ಮರಳು ಸರಿ ಇದೆ ಶಿವಲಿಂಗ."

"ಬೆಳಿಗ್ಗೆ ಸರಿ ಇಲ್ಲ ಅಂದ್ರಲ್ಲ ಭಾವ?"

"ಬೆಳಿಗ್ಗೆಯೂ ಸರಿ ಇತ್ತು. ಸರಿ ಇದ್ದದ್ದೇ ತೊಂದರೆ ಆಯ್ತು."

"ನನಗೊಂದೂ ತಿಳೀಲಿಲ್ಲ. ನೀವೇ ಹೋಗಿ ಗಂಗಣ್ಣಾರಿಗೆ ಹೇಳ್ಬುಡಿ," ಎಂದ.

ಮಾಗಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮರ್ಯಾದೆ ಉಳಿಯುವಂಥ ಒಂದು ವಿವರಣೆಗಾಗಿ ಹುಡುಕಿದೆ. ಸಿಗಲಿಲ್ಲ. ಗಂಗಣ್ಣನವರ ಮನೆಯ ಮುಂದೆ ಟ್ರ್ಯಾಕ್ಟರ್ ಹೊರಡಲು ತಯಾರಾಗಿ ನಿಂತಿತ್ತು. ಜಗಲಿ ಮೇಲೆ ಕೂತು ಪಾತ್ರೆಯಿಂದ ಹಿಡಿದು ಜಾಡಿಯವರೆಗೆ ಎಲ್ಲವನ್ನೂ ಹೇಳಿದೆ. ಅವರ ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಬಾಗಿಲ ಹಿಂದೆ ಮಾತ್ರ ಸೊಸೆ, ಅಂದರೆ ನಮ್ಮ ಶಿವಲಿಂಗನ ಮಗಳು, ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ್ದು ಕಾಣಿಸಿತು.

"ಮಗೀಗೆ ಎಷ್ಟು ತಿಂಗ್ಳು ಸಾರ್?" ಎಂದು ಗಂಗಣ್ಣನವರು ಕೇಳಿದರು.

ಆರು ಎಂದೆ.

"ಪಾಪ," ಎಂದರು. ಮಗುವಿಗೆ ಅಂದರೋ ನನಗೋ, ಕೇಳುವ ಧೈರ್ಯವಾಗಲಿಲ್ಲ. ಆಮೇಲೆ ತಮ್ಮ ಷರತ್ತು ಹೇಳಿದರು: ನಾಳೆ ಬರುತ್ತಾರೆ, ಮರಳೂ ಅಲ್ಲೇ ಇರುತ್ತದೆ; ಆದರೆ ನಾನು ಎಲ್ಲರ ಎದುರಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿ, ಪಾಸೋ ಫೇಲೋ ಬಾಯಿ ಬಿಟ್ಟು ಹೇಳಬೇಕು.

ಸೋಮವಾರ ಬೆಳಿಗ್ಗೆ ಶಿವಲಿಂಗನ ಮನೆ ಮುಂದೆ ಸ್ಟೂಲು ಹಾಕಿಸಿಕೊಂಡು, ಅದರ ಮೇಲೆ ಜಾಡಿ ಇಟ್ಟು, ನೀರನ್ನು ನಾನೇ ಮೊದಲು ಕುಡಿದು ನೋಡಿ ತುಂಬಿಸಿದೆ. ಕುಲುಕಿ ಇಟ್ಟ ಮೇಲೆ ಅದು ಪೂರ್ತಿ ಕೂರಲು ಮೂರು ಗಂಟೆ ಬೇಕು ಎಂದು ಪ್ರಕಟಿಸಿದೆ. ಮೇಸ್ತ್ರಿ ನನ್ನನ್ನೊಮ್ಮೆ, ಬಿಸಿಲನ್ನೊಮ್ಮೆ ನೋಡಿ, ಮಿಕ್ಸರ್ ಶುರು ಮಾಡಿಸಿದ. ಕಾಂಕ್ರೀಟು ತುಂಬಿದ ಬಾಂಡಲಿಗಳು ಕೈಯಿಂದ ಕೈಗೆ ಏರತೊಡಗಿದವು. ಆ ಗಡಗಡಕ್ಕೆ ಜಾಡಿ ನಡುಗದಿರಲೆಂದು ನಾನು ಸ್ಟೂಲನ್ನು ತಬ್ಬಿಕೊಂಡು ಕೂತೆ.

ಕೊನೆಗೂ ಮರಳು ಕೂತಿತು. ಮೇಲೆ ನೂಲೆಳೆಯಷ್ಟು ಧೂಳು. ಆಹಾ, ಎಂಥ ಮರಳು! ಎದ್ದು ನಿಂತು ಪಾಸು ಎಂದು ಸಾರಿದೆ. ಸುತ್ತ ನೋಡಿದರೆ ಕೆಳಗೆ ಯಾರೂ ಇಲ್ಲ. ಪಾಸಾಗಬೇಕಿದ್ದ ಮರಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ತಾರಸಿಯಾಗಿತ್ತು. ಬೀಗರಿಬ್ಬರೂ ಅದರ ಅಂಚಿನಲ್ಲಿ ಪಕ್ಕಪಕ್ಕ ನಿಂತಿದ್ದರು. ಮತ್ತೊಮ್ಮೆ ಜೋರಾಗಿ ಕೂಗಿದೆ.

ಗಂಗಣ್ಣನವರು ಬಗ್ಗಿ ನೋಡಿದರು.

"ಫೇಲಾಗಿದ್ರೆ ಸಂಕೋಚ ಪಟ್ಕಬ್ಯಾಡಿ ಸಾರ್. ಈಗ್ಲೇ ಹೇಳ್ಬುಡಿ, ಕಿತ್ಕಂಡು ವಾಪಸ್ ತಗೊಂಡೋಯ್ತೀನಿ."

ಶಿವಲಿಂಗ ಬೀಗರ ಹೆಗಲು ಹಿಡಿದುಕೊಂಡು ನಕ್ಕ. ಅವರೂ ನಕ್ಕರು. ಎರಡು ದಿನಗಳ ನನ್ನ ಸಂಶೋಧನೆಯಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಅದು ಇಷ್ಟೇ.