ಮಾವನ ವರದಿಯಲ್ಲಿ ತಗಡು

ಬ್ರಹ್ಮಾವರದಿಂದ ಬೈಂದೂರಿನ ತನಕ ಎಷ್ಟು ತಗಡು ಹೊದೆಸಿದ ಮಾಡುಗಳಿವೆ ಎಂದು ಸರ್ಕಾರಕ್ಕೆ ಗೊತ್ತಿರಲಿಕ್ಕಿಲ್ಲ. ನನ್ನ ಸೋದರಮಾವನಿಗೆ ಗೊತ್ತು. ಮಾವ ಒಂದು ಪತ್ರಿಕೆಯ ಊರಿನ ವರದಿಗಾರ. ತಗಡು ಎಂಬ ಶಬ್ದವಿಲ್ಲದೆ ಅವನು ಬರೆದ ಒಂದೇ ಒಂದು ವರದಿ ತೋರಿಸಿದವರಿಗೆ ಒಂದು ಕಿಲೋ ಅಂಜಲ್ ಮೀನು ಕೊಡಿಸುತ್ತೇನೆ ಎಂದು ನಾನು ಸಾರಿ ವರ್ಷಗಳಾದವು. ಯಾರೂ ಕೇಳಿಕೊಂಡು ಬಂದಿಲ್ಲ.

ಗಾಳಿ ಬೀಸಿದಾಗ ‘ತಗಡು ಹಾರಿಹೋಗಿದೆ’ ಎಂದು ಎಲ್ಲರೂ ಬರೆಯುತ್ತಾರೆ, ಸರಿ. ಆದರೆ ಹಾಲಾಡಿಯಲ್ಲಿ ಕಾರು ಚರಂಡಿಗೆ ಇಳಿದರೂ ಅದು ‘ತಗಡಿನಂತೆ ಮುದುಡಿತು’. ಯಕ್ಷಗಾನದ ಆಟದ ನಡುವೆ ಮಳೆ ಬಂದರೆ ‘ತಗಡಿನ ಚಪ್ಪರದ ಮೇಲೆ ಮಳೆಯೇ ಚೆಂಡೆ ಬಾರಿಸಿತು’. ಪುಢಾರಿ ಕೊಟ್ಟದ್ದು ‘ತಗಡು ಆಶ್ವಾಸನೆ’. ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡಾಗಲಾದರೂ ಬಿಟ್ಟನೇ? ‘ತಗಡಿನ ಪೆಟ್ಟಿಗೆ ಹಿಡಿದು ಊರಿಗೆ ಬಂದಿದ್ದ ಮೃತರು’ ಎಂದೇ ಶುರುಮಾಡಿದ! ಮನೆಯವರು ಜಗಳಕ್ಕೆ ಬರುತ್ತಾರೆಂದು ನಾವು ಕಾದೆವು. ಅವರು ಆ ತುಂಡನ್ನು ಕತ್ತರಿಸಿ ಫ್ರೇಮು ಹಾಕಿಸಿದರು.

ಒಮ್ಮೆ ಗಾಳಿಗೆ ಬಿದ್ದ ಮನೆಯೊಂದರ ಸುದ್ದಿ ಓದಿ ಪತ್ರಿಕೆಯ ಡೆಸ್ಕಿನ ಉಪಸಂಪಾದಕರು ಫೋನಿನಲ್ಲಿ ಅಂಗಲಾಚಿದರು. “ಮಾರಾಯ್ರೇ, ಅದು ಹಂಚಿನ ಮನೆ. ಫೋಟೋದಲ್ಲಿ ಕಾಣ್ತಾ ಉಂಟು. ಹಂಚು ಅಂತ್ಲೇ ಬರೀರಿ.”

“ಹಂಚ್ ಬಿದ್ರೆ ಪಕ್ಕದ್ ಮನಿಗೂ ಕೇಣುದಿಲ್ಲೆ. ತಗಡ್ ಬಿದ್ರೆ ಊರಿಗೇ ಕೇಣತ್ತ್” ಎಂದ ಮಾವ.

ಪಂಚಾಯ್ತಿಗೆ ಮಾತ್ರ ಕೇಳಿಸಲಿಲ್ಲ. ನಮ್ಮೂರ ಮೀನು ಮಾರ್ಕೆಟ್ಟಿನ ತಗಡು ತುಕ್ಕು ಹಿಡಿದು ಜೋತಾಡುತ್ತಿತ್ತು. ಅದರಡಿ ಮೀನು ಮಾರಲು ಕೂರುವವರಲ್ಲಿ ನನ್ನ ಅಮ್ಮ, ಅಂದರೆ ಮಾವನ ಅಕ್ಕನೂ ಒಬ್ಬಳು. ಮಾವ ಪ್ರತಿ ಮಳೆಗಾಲಕ್ಕೂ ಅದರ ಬಗ್ಗೆ ಬರೆದ. ಪ್ರತಿ ಸಲವೂ ಕೊನೆಗೆ ‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಎಂದು ಕೇಳಿದ. ಸಂಬಂಧಪಟ್ಟವರು ಯಾರೆಂಬುದೇ ಇತ್ಯರ್ಥವಾಗಲಿಲ್ಲ. ಒಮ್ಮೆ ಪಂಚಾಯ್ತಿಯಿಂದ ಯಾರೋ ಬಂದು ಟೇಪು ಹಿಡಿದು ಅಳೆದರು, ಹೋಗುವಾಗ ಬಂಗುಡೆ ಕೊಂಡರು. ಅಮ್ಮ ಮಾವನ ವರದಿಯಿದ್ದ ಹಾಳೆಯಲ್ಲೇ ಕಟ್ಟಿಕೊಟ್ಟಳು.

“ಗಮನ ಹರ್ಸುಕೆ ಮನಿಗೇ ಕಳ್ಸಿದ್ದೆ ಮಾರಾಯಾ” ಎಂದಳು ಮಾವನಿಗೆ.

ಮಾವನಿಗೆ ನಗು ಬರಲಿಲ್ಲ. ಊರಿನ ವರದಿಗಾರರಿಗೆಲ್ಲ ಒಂದು ಆಸೆ ಇರುತ್ತದೆ: ತಾನು ಬರೆದದ್ದರಿಂದ ಕೆಲಸವಾಗಬೇಕು, ‘ವರದಿ ಫಲಶ್ರುತಿ’ ಎಂಬ ತಲೆಬರಹದಡಿ ಹಳೆಯ ಫೋಟೋ, ಹೊಸ ಫೋಟೋ ಅಕ್ಕಪಕ್ಕ ಅಚ್ಚಾಗಬೇಕು. ಇಪ್ಪತ್ತು ವರ್ಷದಲ್ಲಿ ಮಾವನಿಗೆ ಅದು ಒಂದೂ ದಕ್ಕಿರಲಿಲ್ಲ. “ಬರ್ದ್ ಎಂತ ಪ್ರಯೋಜನ?” ಎಂದು ಬಂದಾಗಲೆಲ್ಲ ಕೇಳತೊಡಗಿದ್ದ.

ಈ ಜೂನಿನ ಗಾಳಿಗೆ ಆ ತಗಡು ಕಿತ್ತು ಬಂದು ಅಮ್ಮನ ಬಲಗೈ ಮೇಲೆ ಬಿತ್ತು. ಮೂಳೆ ಎರಡು ಕಡೆ ಮುರಿಯಿತು. ಹದಿನೈದೇ ದಿನದಲ್ಲಿ ಮಾರ್ಕೆಟ್ಟಿಗೆ ಹೊಸ ಮಾಡು ಬಂತು! ಡೆಸ್ಕಿನಿಂದ ಫೋನೂ ಬಂತು. “ಅಭಿನಂದನೆ ಮಾರಾಯ್ರೇ. ಫಲಶ್ರುತಿ ಕಳಿಸಿ, ಮುಖಪುಟಕ್ಕೇ ಹಾಕುವ.”

ಮಾವ ನಮ್ಮ ಮನೆಗೆ ಬಂದು ಅಮ್ಮನ ಪ್ಲಾಸ್ಟರಿನ ಕೈಯನ್ನೇ ನೋಡುತ್ತ ಕೂತ.

“ಬರಿ ಮಾರಾಯಾ, ನಿನ್ ಆಸಿ ಅಲ್ದಾ?” ಎಂದಳು ಅಮ್ಮ.

“ನಾ ಬರ್ದದ್ದಕ್ಕ್ ಬಂದದ್ದಲ್ಲ ಅಕ್ಕಾ. ನಿನ್ ಕೈ ಮುರ್ದದ್ದಕ್ಕ್ ಬಂದದ್ದ್.”

ಅವನು ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹೆಂಗಸರ ಸಾಲಿನ ನಡುವೆ, ಅಮ್ಮನ ಜಾಗದಲ್ಲಿ, ಇಸ್ತ್ರಿ ಅಂಗಿಯ ಮಾವ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಾನೆ. ಆಚೀಚೆಯವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಾರೆ. ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಕೈ ಇಳಿಬಿಟ್ಟುಕೊಂಡು ಅಮ್ಮ ಪಕ್ಕದ ಸ್ಟೂಲಿನಲ್ಲಿದ್ದಾಳೆ.

“ಜಾಗ ಖಾಲಿ ಬಿಟ್ರೆ ಬೇರೆಯವ್ರ್ ಕೂಕಂತ್ರ್” ಎಂದ ಮಾವ, ನನ್ನತ್ತ ನೋಡದೆ. “ಅಕ್ಕನ್ ಕೈ ಸರಿಯಪ್ಪಲ್ಲಿವರಿಗೂ ನಾ ಕೂಕಂತೆ.”

“ಮೀನಿನ್ ಬಾಲ ಹಿಡ್ದ್ ಎತ್ತ್‌ಬೇಡ ತಮ್ಮಾ, ಕಿವಿರ್ ಹತ್ರ ಹಿಡಿ” ಎಂದಳು ಅಮ್ಮ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.